ನಾವು ಕರಡಿಗಳಾದದ್ದು

ಮುಖವಾಡ ತೊಟ್ಟು ದುಷ್ಟರನ್ನು ಬಡಿಯುವ ಸಿನಿಮಾ ವೀರರನ್ನು ಕಂಡಾಗಲೆಲ್ಲ ನನಗೆ ಬರುವ ಯೋಚನೆ ಒಂದೇ: ಇವನ ಜಿಪ್ಪು ಎಲ್ಲಿದೆ? ನಮ್ಮವರು, ಎಂದರೆ ನನ್ನ ಗಂಡ, ಜಗತ್ತು ಉಳಿಯುತ್ತದೋ ಇಲ್ಲವೋ ಎಂದು ಕುರ್ಚಿಯ ತುದಿಗೆ ಬಂದು ಕೂತಿರುತ್ತಾರೆ. ನಾನು ಆ ಮೈಗಂಟಿದ ಬಟ್ಟೆಗೆ ಹೊಲಿಗೆ ಎಲ್ಲಿ ಬಂದಿದೆ, ಕಂಕುಳಲ್ಲಿ ಸಡಿಲ ಬಿಟ್ಟಿದ್ದಾರೋ ಇಲ್ಲವೋ, ಈ ಮನುಷ್ಯನಿಗೆ ಅರ್ಜೆಂಟಾದರೆ ಏನು ಗತಿ ಎಂದು ನೋಡುತ್ತಿರುತ್ತೇನೆ. ಕಿಬ್ಬನಹಳ್ಳಿಯ ಬಸ್ಸು ನಿಲ್ಲುವ ಕಡೆ ಒಂದು ಸಣ್ಣ ಅಂಗಡಿಯಲ್ಲಿ ಕೂತು ಹೆಂಗಸರ ಬಟ್ಟೆ ಹೊಲಿಯುವವಳು ನಾನು. ನನ್ನ ಕಣ್ಣಿಗೆ ಮನುಷ್ಯರಿಗಿಂತ ಮೊದಲು ಬಟ್ಟೆ ಕಾಣುತ್ತದೆ. ಇದು ರೋಗವೆಂದು ನಮ್ಮವರು ಹೇಳುತ್ತಾರೆ. ಇರಬಹುದು.

ನಮ್ಮವರಿಗೆ ಇಷ್ಟವಾಗುವ ಸಿನಿಮಾಗಳಲ್ಲಿ ಆಕಾಶದಿಂದ ಬಿದ್ದವರು ಇರುವುದಿಲ್ಲ. ಯಾರೋ ಔಷಧಿ ಅಂಗಡಿಯ ಗುಮಾಸ್ತ, ಯಾರೋ ಬಸ್ ಡ್ರೈವರು, ಒಂದು ದಿನ ಸಿಟ್ಟು ತಡೆಯಲಾರದೆ ವೇಷ ಹಾಕಿಕೊಂಡು ಬೀದಿಗಿಳಿಯುತ್ತಾರೆ. ಆಮೇಲೆ ಮೂಳೆ ಮುರಿಯುವ ಸದ್ದು, ಗೋಡೆ ತುಂಬ ರಕ್ತ. "ನೋಡೇ, ನಮ್ಮಂಥೋರೇ ಕಣೇ ಅವ್ರು!" ಎಂದು ಇವರು ಕುಣಿಯುತ್ತಾರೆ. "ನಮ್ಮಂಥೋರಾದ್ರೆ ಮೊದ್ಲು ಆ ರಕ್ತದ ಕಲೆನ ತಣ್ಣೀರಲ್ಲಿ ನೆನೆ ಹಾಕ್ಲಿ ಬುಡ್ರಿ, ಒಣಗಿದ್ರೆ ಹೋಗಲ್ಲ" ಎನ್ನುತ್ತೇನೆ ನಾನು.

ಆ ವೀರರು ಒಬ್ಬೊಬ್ಬರೇ ಕನ್ನಡಿಯ ಮುಂದೆ ನಿಂತು ವೇಷ ತೊಡುವುದನ್ನಂತೂ ನಾನು ಯಾವತ್ತೂ ನಂಬಿಲ್ಲ. ನಮ್ಮ ಭಾಷೆಯೇ ಅದನ್ನು ಒಪ್ಪುವುದಿಲ್ಲ. ಸೀರೆಯನ್ನು ಉಡುತ್ತೇವೆ, ರವಿಕೆಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ವೇಷವನ್ನೋ, ಕಟ್ಟುತ್ತೇವೆ. ಕಟ್ಟುವುದೆಂದರೆ ಬೆನ್ನ ಹಿಂದೆ ನಿಂತು ಗಂಟು ಹಾಕಲು ಇನ್ನೊಬ್ಬರು ಬೇಕು. "ಉಸಿರು ಎಳ್ಕೋ, ಈಗ ಬುಡು" ಎನ್ನುವವರು ಬೇಕು. ಒಂಟಿ ವೀರನಿಗೆ ಇದೆಲ್ಲ ಎಲ್ಲಿ ಸಾಧ್ಯ?

ಇಷ್ಟೆಲ್ಲ ಮಾತಾಡುವ ನಾನು ಕೂಡ ವೇಷ ಕಟ್ಟಿ ದುಷ್ಟರನ್ನು ಹಿಡಿಯಲು ಹೊರಟವಳೇ. ಅದರ ಕತೆ ಇದು.

ನಮ್ಮ ಮನೆ, ತೋಟ ಇರುವುದು ಬಿಳಿಗೆರೆ ಕಡೆ. ತೋಟಕ್ಕೆ ಕೋತಿಗಳ ಕಾಟ. ಎಳನೀರನ್ನು ಕಿತ್ತು, ಒಂದು ಗುಟುಕು ಕುಡಿದು, ಉಳಿದದ್ದನ್ನು ನಮ್ಮ ತಲೆಯ ಮೇಲೆ ಬೀಳಿಸುವುದು ಅವುಗಳ ಪದ್ಧತಿ. ಕೋತಿಗಳಿಗೆ ಕರಡಿ ಕಂಡರೆ ಭಯ, ಎಲ್ಲೋ ರೈತರು ಕರಡಿ ವೇಷ ಹಾಕಿ ಓಡಿಸುತ್ತಿದ್ದಾರೆ ಎಂದು ನಮ್ಮವರು ಫೋನಿನಲ್ಲಿ ನೋಡಿಕೊಂಡು ಬಂದರು. "ನೀನು ಹೊಲ್ದು ಕೊಡೇ" ಎಂದರು. ಸಿನಿಮಾದವರ ಜಿಪ್ಪನ್ನು ಆಡಿಕೊಂಡವಳಿಗೆ ಬಂದ ಸವಾಲು ಅದು. ಚಿಕ್ಕನಾಯಕನಹಳ್ಳಿ ಕಡೆಯ ಹಳೆಯ ಕರಿ ಕಂಬಳಿಗಳನ್ನು ಕತ್ತರಿಸಿದೆ. ಮೇಲೆ ಕೂದಲೆಂದು ತೆಂಗಿನ ನಾರಿಗೆ ಕಪ್ಪು ಬಣ್ಣ ಹಾಕಿ ಹೊಲಿದೆ. ಬಿದಿರು ಪುಟ್ಟಿಯೇ ತಲೆ, ತೆಂಗಿನ ಚಿಪ್ಪೇ ಮೂತಿ. ಉಸಿರಾಡಲು ಬಾಯಿಯ ಹತ್ತಿರ ಅಗಲವಾದ ಕಿಂಡಿ. ಒಂದು ನಮ್ಮವರಿಗೆ, ಒಂದು ನನಗೆ, ಒಂದು ನನ್ನ ವಾರಗಿತ್ತಿ ಗಿರಿಜಳಿಗೆ. ಅವಳ ತೋಟವೂ ನಮ್ಮದಕ್ಕೆ ತಾಗಿಕೊಂಡೇ ಇದೆ.

ಕಂಬಳಿ ಚುಚ್ಚುತ್ತದೆ, ನಾರು ಅದಕ್ಕಿಂತ ಹೆಚ್ಚು ಚುಚ್ಚುತ್ತದೆ, ಒಳಗೆ ಒಲೆಯ ಮೇಲಿಟ್ಟ ಇಡ್ಲಿಯ ಅನುಭವ. ಕೋತಿಗಳು ಮೊದಮೊದಲು ಕಿರುಚಿಕೊಂಡು ಓಡಿದವು. ಆಮೇಲೆ ನಮ್ಮವರು ಕರಡಿಯ ಕೈಯಲ್ಲಿ ಬೀಡಿ ಹಚ್ಚುವುದನ್ನು ನೋಡಿಬಿಟ್ಟವು. ಅಲ್ಲಿಗೆ ಆ ಭಯ ಮುಗಿಯಿತು.

ವೇಷಗಳು ಅಟ್ಟ ಸೇರಬೇಕಿತ್ತು. ಅಷ್ಟರಲ್ಲಿ ಕೆರೆಯ ಏರಿಯ ಮೇಲೆ ಕಸ ಬೀಳಲು ಶುರುವಾಯಿತು. ಯಾರೋ ಬೆಳಗಿನ ಜಾವ ಟೆಂಪೋದಲ್ಲಿ ಬಂದು ಮದುವೆ ಮನೆಯ ಎಂಜಲೆಲೆ, ಅನ್ನ, ಪ್ಲಾಸ್ಟಿಕ್ ಲೋಟಗಳನ್ನು ಮೂಟೆಮೂಟೆ ಸುರಿದು ಹೋಗುತ್ತಿದ್ದರು. ಎಂಜಲಿಗೆ ಎಲ್ಲೆಲ್ಲಿಂದಲೋ ನಾಯಿಗಳು ಬಂದವು. ತಿಂದು ಕೊಬ್ಬಿ ಗುಂಪು ಕಟ್ಟಿದವು. ಎಂಜಲು ಸಿಗದ ಒಂದು ದಿನ ಗಿರಿಜಳ ಕೊಟ್ಟಿಗೆಗೆ ನುಗ್ಗಿ ಅವಳ ಎಳೆಗರುವನ್ನು ಕಚ್ಚಿ ಕೊಂದವು. ಪಂಚಾಯ್ತಿಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಗಿರಿಜ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ನಮ್ಮ ಮನೆಗೆ ಬಂದು, "ಭಾವ, ಆ ಟೆಂಪೋದವನ ಕಾಲು ಮುರೀಬೇಕು. ನೀವು ಬತ್ತೀರೋ, ನಾನೊಬ್ಳೇ ಹೋಗ್ಲೋ?" ಎಂದಳು.

ನಮ್ಮವರ ಮುಖ ನೋಡಬೇಕಿತ್ತು. ಇಷ್ಟು ವರ್ಷ ಟಿವಿಯ ಮುಂದೆ ಕಲಿತ ವಿದ್ಯೆಗೆ ಕೊನೆಗೂ ಕರೆ ಬಂದಿತ್ತು. "ಮುಖ ತೋರಿಸ್ಬಾರ್ದು ಕಣಮ್ಮ, ನಾಳೆ ಕೇಸು ಗೀಸು ಆದಾತು. ಕರಡಿ ವೇಷದಲ್ಲೇ ಹೋಗಣ" ಎಂದರು. ನಾನು ಬೇಡವೆಂದೆ. ಆದರೂ ಅವರಿಬ್ಬರ ವೇಷದ ಹಿಂದಿನ ಜಿಪ್ಪು ಎಳೆಯಲು ಯಾರಾದರೂ ಬೇಕಲ್ಲ ಎಂದು ಹೊರಟೆ. ಹೊರಟ ಮೇಲೆ ನಾನೂ ಕಟ್ಟಿಕೊಂಡೆ. ಒಬ್ಬಳೇ ಸೀರೆಯಲ್ಲಿ ನಿಂತರೆ ಚೆನ್ನಾಗಿರುವುದಿಲ್ಲ.

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಏರಿಯ ಜಾಲಿ ಪೊದೆಯ ಹಿಂದೆ ಮೂರು ಕರಡಿಗಳು ಕೂತೆವು. ಗಿರಿಜಳ ಕೈಯಲ್ಲಿ ತೆಂಗಿನ ಗರಿಯ ಬುಡದ ಹೆಡೆಮಟ್ಟೆ. ಮಕ್ಕಳು ಕ್ರಿಕೆಟ್ ಬ್ಯಾಟು ಮಾಡಿಕೊಳ್ಳುತ್ತಾರಲ್ಲ, ಅದು. ಅವಳ ಹಿಡಿತದಲ್ಲಿ ಆಟ ಕಾಣುತ್ತಿರಲಿಲ್ಲ. ಟೆಂಪೋ ಬಂತು. ನಲವತ್ತರ ಆಸುಪಾಸಿನ ಒಬ್ಬ ಇಳಿದು ಮೂಟೆ ಹೆಗಲಿಗೇರಿಸಿದ. ನಮ್ಮವರು ಗರ್ಜಿಸಬೇಕೆಂದು ನಿಶ್ಚಯವಾಗಿತ್ತು. ಎದ್ದು ನಿಂತು ಎದೆ ತುಂಬ ಉಸಿರೆಳೆದರು. ಉಸಿರಿನ ಜೊತೆ ನಾರಿನ ಧೂಳೂ ಒಳಗೆ ಹೋಯಿತು. ಗರ್ಜನೆಯ ಬದಲು ಭಯಂಕರವಾದ ಕೆಮ್ಮು ಬಂತು.

ಆ ಮನುಷ್ಯ ತಿರುಗಿ ನೋಡಿದ. ನಮ್ಮ ಸೀಮೆಯ ಗುಡ್ಡಗಳಲ್ಲಿ ಕರಡಿ ನಿಜವಾಗಿಯೂ ಉಂಟು. ಮೂಟೆ ಎಸೆದು, ಟೆಂಪೋ ಕಡೆ ನಾವಿದ್ದುದರಿಂದ, ಏರಿಯ ಒಳಮೈ ಇಳಿದು ಕೆರೆಗೇ ಓಡಿದ. ನೀರು ಹಿಂದೆ ಸರಿದು ಅಂಚೆಲ್ಲ ಹೂಳು. ನೋಡಲು ಗಟ್ಟಿ ನೆಲದಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮಂಡಿ ಮುಳುಗಿತು. ಒದ್ದಾಡಿದ, ಸೊಂಟ ಮುಳುಗಿತು.

ನಾವು ಅಂಚಿಗೆ ಹೋಗಿ ನಿಂತೆವು. "ಅಲ್ಲೇ ಇರ್ಲಿ ಬುಡಕ್ಕ. ನನ್ನ ಕರಾನೂ ಹಿಂಗೇ ಒದ್ದಾಡಿತ್ತು" ಎಂದಳು ಗಿರಿಜ. ಪುಟ್ಟಿಯೊಳಗಿಂದ ಬಂದ ಆ ದನಿ ನನ್ನ ವಾರಗಿತ್ತಿಯದೆಂದು ನನಗೇ ಅನ್ನಿಸಲಿಲ್ಲ. ಅವನು "ಅವ್ವಾ" ಎಂದು ಕೂಗಿದ. ಕೂಗಿದ್ದು ನಮ್ಮನ್ನಲ್ಲ, ತನ್ನ ತಾಯನ್ನು. ಕೆಸರು ಎದೆಗೆ ಬಂದಿತ್ತು.

ಗಿರಿಜ ಕರಡಿಯ ತಲೆ ಕಿತ್ತು ಬಿಸಾಕಿದಳು. ಕೆಸರಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಹೆಡೆಮಟ್ಟೆಯನ್ನು ಅವನ ಕಡೆ ಚಾಚಿದಳು. "ಹಿಡ್ಕೊಳ್ಳೋ! ಅಲ್ಲಾಡಬ್ಯಾಡ, ಹಿಡ್ಕೋ!"

ಅಷ್ಟು ದೂರಕ್ಕೆ ಅದು ಸಾಲದು. ನಮ್ಮವರು ವೇಷ ಕಳಚಿ ಅವಳ ಕೆಳಗೆ ಹಾಸಿದರು, ಅದರ ಮೇಲೆ ಅವಳು ಇನ್ನಷ್ಟು ಮುಂದೆ ಜಾರಿದಳು. ಇವರು ಒಂದು ಕಾಲು ಹಿಡಿದರು. ಇನ್ನೊಂದು ಕಾಲು ನನ್ನ ಪಾಲು. ನಾನು ಮಾತ್ರ ಇನ್ನೂ ಪೂರ್ತಿ ಕರಡಿ. ತಲೆಯನ್ನು ಮೈಗೆ ಸೇರಿಸುವ ಜಿಪ್ಪು ಕಂಬಳಿ ಕಚ್ಚಿಕೊಂಡು ನಿಂತುಬಿಟ್ಟಿತ್ತು. ಊರಿನವರ ಜಿಪ್ಪನ್ನೆಲ್ಲ ಸರಿ ಮಾಡುವವಳ ಸ್ವಂತ ಜಿಪ್ಪು!

ಅವನು ಮಟ್ಟೆ ಹಿಡಿಯಲಿಲ್ಲ. ಕಣ್ಣು ನನ್ನ ಮೇಲೇ ನೆಟ್ಟಿತ್ತು. "ಕರಡಿ! ಅಮ್ಮಾ, ನಿಮ್ಮ ಹಿಂದೆ ಕರಡಿ!" ಎಂದು ಗಿರಿಜಳಿಗೇ ಎಚ್ಚರಿಕೆ ಹೇಳಿದ. ಮುಳುಗುತ್ತಿದ್ದವನು, ಪಾಪ.

"ನಾನು ಕರಡಿ ಅಲ್ಲ ಕಣಪ್ಪ, ಟೈಲರು!" ಎಂದು ಕೂಗಿದೆ. ನಂಬಲಿಲ್ಲ. ಕರಡಿ ಕನ್ನಡ ಮಾತಾಡಿದ್ದರಿಂದ ಇನ್ನಷ್ಟು ಹೆದರಿದ. "ಕಿಬ್ಬನಹಳ್ಳೀಲಿ ಬ್ಲೌಸ್ ಹೊಲಿಯೋಳು ಕಣೋ! ಬಸ್ ನಿಲ್ಲೋ ಕಡೆ, ಕಬ್ಬಿನ ಹಾಲಿನ ಅಂಗಡಿ ಪಕ್ಕ!"

ಅವನ ಮುಖದಲ್ಲಿ ಏನೋ ಬದಲಾಯಿತು. "ನಮ್ಮ ಹೆಂಗಸಿನ ಬ್ಲೌಸು ನಿಮ್ಮತ್ರನೇ ಕೊಟ್ಟೈತೆ" ಎಂದವನು ಮಟ್ಟೆ ಹಿಡಿದ. ಎಳೆದೆವು. ಕೆರೆ ಅವನ ಚಪ್ಪಲಿಯನ್ನೂ ಪ್ಯಾಂಟನ್ನೂ ಇಟ್ಟುಕೊಂಡು ಅವನನ್ನು ಬಿಟ್ಟಿತು.

ಏರಿಯ ಮೇಲೆ ನಾಲ್ವರೂ ಕೂತು ಮೈಯ ಕೆಸರು ಒರೆಸಿಕೊಂಡೆವು. ಮಾನ ಮುಚ್ಚಲು ನಮ್ಮವರ ಕರಡಿಯ ಕೆಳಗಿನರ್ಧವನ್ನು ಅವನಿಗೆ ಕೊಟ್ಟೆವು. ಹೆಸರು ಮಂಜಣ್ಣ ಎಂದು ಹೇಳಿಕೊಂಡ. ಗಿರಿಜ ಅವನಿಗೆ ಕರುವಿನ ವಿಷಯ ಹೇಳಿದಳು. ಬೈಯಲಿಲ್ಲ, ಅದರ ಬಣ್ಣ, ಹಣೆಯ ಮೇಲಿದ್ದ ಚುಕ್ಕೆ, ಅದು ಅವಳ ಸೆರಗು ಚೀಪುತ್ತಿದ್ದ ರೀತಿ, ಅಷ್ಟನ್ನೇ ಹೇಳಿದಳು. ಮಂಜಣ್ಣ ತಲೆ ತಗ್ಗಿಸಿ ಕೇಳಿದ. "ನನ್ನದೇ ತಪ್ಪು ಕಣಕ್ಕ. ಛತ್ರದ ಮ್ಯಾನೇಜರ್ರು ಎಲ್ಲಾದ್ರೂ ಎಸೆದು ಬಾ ಅಂತಾರೆ. ಎಲ್ಲಿಗೆ ಅಂತ ಎಸೀಲಿ? ಹೊತ್ತು ಮೂಡೋದ್ರೊಳಗೆ ಗಾಡಿ ತೊಳೆದು ನಿಲ್ಲಿಸ್ಬೇಕು" ಎಂದ.

ಮೂಟೆಯಿಂದ ಚೆಲ್ಲಿದ್ದನ್ನು ನಮ್ಮವರು ಕಾಲಲ್ಲಿ ಕೆದಕಿದರು. ಬಾಳೆ ಎಲೆ, ಅನ್ನ, ತರಕಾರಿ ಸಿಪ್ಪೆ. ಅವರೊಳಗಿನ ಸಿನಿಮಾ ವೀರ ಅಡಗಿ ತೋಟಗಾರ ಎದ್ದ. "ಲೇ, ಇದು ಒಳ್ಳೆ ಗೊಬ್ಬರ ಕಣ್ಲಾ! ಪ್ಲಾಸ್ಟಿಕ್ ಒಂದು ಬೇರೆ ಮಾಡಿದ್ರೆ ನಮ್ಮ ತೋಟದ ಗುಂಡಿಗೇ ಹಾಕಬೋದು." ಮಂಜಣ್ಣ ನಕ್ಕ. ಬೇರೆ ಮಾಡಿಸಿ ಎಂದು ತಾನು ಮ್ಯಾನೇಜರಿಗೆ ಹೇಳಿದರೆ ಆ ದಿನವೇ ಗಾಡಿಯ ಕೀಲಿ ಕೈ ಕಿತ್ತುಕೊಳ್ಳುತ್ತಾರೆಂದ.

ಹಾಗಾದರೆ ಕರಡಿಗಳು ಹೇಳಲಿ ಎಂದಳು ಗಿರಿಜ. ಕರು ಸತ್ತ ಮೇಲೆ ಅವಳು ಮೊದಲ ಸಲ ನಕ್ಕಿದ್ದು ಆಗ.

ವೇಷಗಳನ್ನು ಒಗೆದು ಒಣಗಿಸಿ, ಜಿಪ್ಪು ಬದಲಿಸಿ, ಮುಂದಿನ ಮದುವೆಯ ದಿನ ಛತ್ರಕ್ಕೆ ಹೊರಟೆವು. ನಮ್ಮವರು ಗುಂಡಿ ತೋಡಿಸುತ್ತ ತೋಟದಲ್ಲಿ ಉಳಿದರು. ಅವರ ವೇಷ ಮಂಜಣ್ಣನಿಗೆ. ಬಸ್ಸಿನಲ್ಲಿ ಕಂಡಕ್ಟರಿಗೆ ಬಂದದ್ದು ನ್ಯಾಯವಾದ ಸಂದೇಹ. ಹೆಂಗಸರಿಗೆ ಪ್ರಯಾಣ ಪುಕ್ಕಟೆ, ಸರಿ, ಆದರೆ ಇವುಗಳಲ್ಲಿ ಹೆಂಗಸು ಯಾವುದು? "ಆಧಾರ್ ತೋರ್ಸಿ" ಎಂದ. ತೋರಿಸಿದೆವು. ಕಾರ್ಡಿನ ಫೋಟೋವನ್ನೂ ನನ್ನ ಚಿಪ್ಪಿನ ಮೂತಿಯನ್ನೂ ಹೋಲಿಸಿ ನೋಡಿ, "ಫೋಟೋಗಿಂತ ಈಗ್ಲೇ ಚೆನ್ನಾಗಿದೀರಿ ಕಣ್ರೀ" ಎಂದು ಸೊನ್ನೆ ಟಿಕೆಟ್ ಹರಿದು ಕೊಟ್ಟ. ಗಂಡು ಕರಡಿ ದುಡ್ಡು ಕೊಟ್ಟಿತು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಛತ್ರದಲ್ಲಿ ಹೆಣ್ಣಿನ ಕಡೆಯವರು ನಮ್ಮನ್ನು ಗಂಡಿನ ಕಡೆಯವರು ಕರೆಸಿದ್ದಾರೆಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದುಕೊಂಡರು. ಪನ್ನೀರು ಎರಚಿ ಒಳಗೆ ಕಳಿಸಿದರು. ಮದುಮಕ್ಕಳು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ನಾವು ನೇರ ಎಂಜಲೆಲೆ ರಾಶಿ ಹಾಕುವ ಹಿಂಬಾಗಿಲಿಗೆ ಹೋಗಿ ಸಾಲಾಗಿ ನಿಂತೆವು. ಜನ ಫೋನ್ ಹಿಡಿದು ಹಿಂದೆಯೇ ಬಂದರು. ಮ್ಯಾನೇಜರೂ ಬಂದ.

ನಾನು ಮೆಲ್ಲಗೆ ಕೆರೆ ಏರಿಯ ಮೇಲಿನ ಕಸದ ವಿಷಯ ಹೇಳಿ ಕೇಳಿಕೊಂಡೆ: ಎಲೆ, ಅನ್ನ ಒಂದು ಕಡೆ, ಲೋಟ ಬಾಟ್ಲಿ ಒಂದು ಕಡೆ, ನಮಗೆ ಅಷ್ಟೇ ಸಾಕು. ಅವನು ದನಿ ಏರಿಸಿದ. "ಡ್ರೈವರು ಎಲ್ಲಿ ಎಸೀತಾನೋ ನನಗೇನು ಗೊತ್ತಮ್ಮ? ನಾನು ಕೆರೇಗೆ ಹಾಕು ಅಂದಿದ್ನಾ?"

"ಎಲ್ಲಾದ್ರೂ ಎಸೆದು ಬಾ, ನನ್ನ ಕೇಳಬ್ಯಾಡ ಅಂದೋರು ಯಾರು ಸಾ?" ಎಂದಿತು ಮೂರನೆಯ ಕರಡಿ.

ಮ್ಯಾನೇಜರ್ ಆ ಕರಡಿಯನ್ನು ಮೇಲಿಂದ ಕೆಳಗೆ ನೋಡಿದ. ದನಿ ಎಲ್ಲೋ ಕೇಳಿದಂತಿತ್ತು. ಯಾರದೆಂದು ಹೊಳೆದೂ ಇರಬೇಕು, ಆದರೆ ಸುತ್ತ ಅಷ್ಟು ಫೋನುಗಳಿದ್ದವು. ಮದುಮಗಳ ಸೋದರಮಾವ ಮುಂದೆ ಬಂದು, "ಒಳ್ಳೇ ಮಾತೇ ಹೇಳ್ತಾ ಐತಲ್ರೀ ಕರಡಿ. ಎರಡು ಡ್ರಮ್ ಇಡ್ಸಿ, ಏನು ಹೋಗ್ತದೆ?" ಎಂದರು. ಡ್ರಮ್ಮುಗಳು ಆಗಲೇ ಬಂದವು. ಈಗ ಮದುವೆ ಮುಗಿದ ಮರುದಿನ ಮಂಜಣ್ಣನ ಟೆಂಪೋ ಹಾಡಹಗಲಲ್ಲೇ ನಮ್ಮ ತೋಟಕ್ಕೆ ಬರುತ್ತದೆ. ಏರಿಯ ಮೇಲೆ ಎಂಜಲಿಲ್ಲದೆ ನಾಯಿಗಳ ಗುಂಪು ಕರಗಿ ಹೋಯಿತು. ಗಿರಿಜ ಇನ್ನೊಂದು ಕರು ತಂದಿದ್ದಾಳೆ.

ಆ ದಿನ ನಮ್ಮನ್ನು ಉಣ್ಣದೆ ಹೋಗಲು ಬಿಡಲಿಲ್ಲ. ಪಂಕ್ತಿಯಲ್ಲಿ ಕೂರಿಸಿದರು. ತಲೆ ತೆಗೆದು ಬೆವರು ಒರೆಸಿಕೊಂಡೆ. ಎದುರಿಗೆ ತಾಯಿಯ ತೊಡೆಯ ಮೇಲಿದ್ದ ಒಂದು ಹೆಣ್ಣು ಮಗು ನನ್ನ ಕೆದರಿದ ಕೂದಲು, ಕೆಂಪಾದ ಮುಖ ನೋಡಿ ಜೋರಾಗಿ ಅಳತೊಡಗಿತು. ತಾಯಿ ಎಷ್ಟು ಸಮಾಧಾನ ಮಾಡಿದರೂ ಕೇಳಲಿಲ್ಲ. ನಾನು ಪುಟ್ಟಿಯನ್ನು ಮತ್ತೆ ತಲೆಗಿಟ್ಟುಕೊಂಡೆ. ಮಗು ತಕ್ಷಣ ಅಳು ನಿಲ್ಲಿಸಿ ನಕ್ಕಿತು. ಇನ್ನು ತೆಗೆಯುವಂತಿಲ್ಲ. ಗಿರಿಜ ಚಮಚದಲ್ಲಿ ಶಾವಿಗೆ ಪಾಯಸವನ್ನು ನನ್ನ ಬಾಯಿಯ ಕಿಂಡಿಗೆ ಹಾಕುತ್ತ ಹೋದಳು, ಮಗು ಪ್ರತಿ ಚಮಚಕ್ಕೂ ಚಪ್ಪಾಳೆ ತಟ್ಟಿತು.

ಬಡಿಸುವವನು ಪಾಯಸದ ಬಕೆಟ್ ಹಿಡಿದು ಎರಡನೆಯ ಸಲ ಬಂದ. ಜೀವಮಾನವಿಡೀ ಮದುವೆ ಮನೆಗಳಲ್ಲಿ ಆಸೆಯಿದ್ದರೂ ಎಲೆಗೆ ಕೈ ಅಡ್ಡ ಹಿಡಿದು "ಸಾಕು ಸಾಕು" ಎಂದವಳು ನಾನು. ಯಾರಾದರೂ ಏನಾದರೂ ಅಂದುಕೊಂಡಾರು ಎಂದು. ಕರಡಿಯನ್ನು ಯಾರು ಏನಂದುಕೊಳ್ಳುತ್ತಾರೆ?

"ಹಾಕಪ್ಪ, ಇನ್ನೆರಡು ಸೌಟು ಹಾಕು" ಎಂದೆ.