ಮೂರು ಸಾರಿ ಒತ್ತಿದ ಗುಂಡಿ

ಸೇಲಂನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರು, ವೈಫೈ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಆ ಬೇಸಿಗೆಯಲ್ಲಿ ಕರೆಂಟು ಪದೇ ಪದೇ ಹೋಗತೊಡಗಿದಾಗ ಯುಪಿಎಸ್ ಮೇಲಿನ ಹೊರೆ ಇಳಿಸುವಂತೆ ಮ್ಯಾನೇಜರ್ ಹೇಳಿದರು. ವಾರ್ಡುಗಳ ಚಾವಣಿಯಲ್ಲಿ ವೈಫೈ ಪೆಟ್ಟಿಗೆಗಳು ಒಂದು ಗಳಿಗೆಯೂ ಬಿಡುವಿಲ್ಲದೆ ಓಡುತ್ತಿದ್ದವು. ಬಳಕೆ ಕಡಿಮೆಯಿದ್ದಾಗ ಅವುಗಳಲ್ಲಿ ಅರ್ಧ ತಾವಾಗಿಯೇ ಮಲಗುವಂತೆ, ಎಚ್ಚರವಿದ್ದವು ಆ ಜಾಗವನ್ನೂ ನೋಡಿಕೊಳ್ಳುವಂತೆ ಹೊಂದಿಸಿದೆ. ಫೋನ್ ಹಿಡಿದು ಮೂಲೆಮೂಲೆಗೂ ನಡೆದೆ. ವಿಡಿಯೋ ಎಲ್ಲೂ ನಿಲ್ಲಲಿಲ್ಲ. ಮ್ಯಾನೇಜರ್ ಬೆನ್ನು ತಟ್ಟಿದರು.

ಹಾಸಿಗೆ ಪಕ್ಕದ ಕರೆಗುಂಡಿಗಳನ್ನು ನಾನು ಪರೀಕ್ಷಿಸಲಿಲ್ಲ. ರೋಗಿ ಒತ್ತಿದರೆ ಅದೇ ವೈಫೈ ಮೂಲಕ ನರ್ಸ್ ಕೈಯ ಫೋನಿಗೆ ಕರೆ ಹೋಗಬೇಕು. ಉಳಿದಂತೆ ಆ ಗುಂಡಿ ದಿನವಿಡೀ ಸುಮ್ಮನಿರುತ್ತದೆ. ಸುಮ್ಮನಿದ್ದರೆ ಅಲ್ಲಿ ಯಾರೂ ಇಲ್ಲ ಎಂದೇ ನಾನು ಯಂತ್ರಕ್ಕೆ ಕಲಿಸಿದ್ದೆ.

ಕೊನೆಯ ಹಾಸಿಗೆಯಲ್ಲಿ ಕೈಮಗ್ಗದ ಮನೆಯ ಅಜ್ಜಿಯೊಬ್ಬರಿದ್ದರು. ಹೆಂಡತಿಯೊಡನೆ ನಾನು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ ಕರೆದಿದ್ದರು. "ನಮ್ಮೋನಾ ನೀನು? ಮೊಮ್ಮಕ್ಕಳದೆಲ್ಲಾ ತಮಿಳೇ ಆಗೋಗೈತೆ. ಬಾ, ಒಂದೀಟು ಮಾತಾಡ್ಕೊಂಡು ಓಗು." ಅಂದಿನಿಂದ ದಿನಕ್ಕೊಮ್ಮೆ ಹೋಗಿ ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಮಗಳು ಊಟ ತರಲು ಹೋಗಿದ್ದಾಗ ಅಜ್ಜಿ ಬಚ್ಚಲಿಗೆಂದು ಒಬ್ಬರೇ ಎದ್ದು ಬಿದ್ದರು. ಸೊಂಟದ ಮೂಳೆ ಮುರಿಯಿತು. ಯಾರನ್ನೂ ಕರೆಯದೆ ಎದ್ದರು ಎಂದು ಕೇಸ್‌ಶೀಟಿನಲ್ಲಿ ಬರೆದರು.

"ಮೂರು ಸಾರಿ ಒತ್ತಿದೆ ಕಣಪ್ಪ," ಎಂದರು ಅಜ್ಜಿ, ನಾನು ನೋಡಲು ಹೋದಾಗ. "ಯಾರೂ ಬರ್ಲಿಲ್ಲ. ಕೇಳಿದ್ರೆ ನಂಗೇ ಮರೆವು ಅಂತಾರೆ."

ಮಗಳು ದನಿ ತಗ್ಗಿಸಿ ಹೇಳಿದಳು: "ವಯಸ್ಸಾಯ್ತಲ್ಲಣ್ಣಾ. ಒತ್ತಿದೀನಿ ಅನ್ಕೊಂಡವ್ರೆ, ಪಾಪ."

ಕೆಳಗೆ ಹೋಗಿ ಕಂಪ್ಯೂಟರಿನಲ್ಲಿ ಆ ಗುಂಡಿಯ ದಾಖಲೆ ತೆಗೆದೆ. ಮೂರು ಒತ್ತುಗಳೂ ಇದ್ದವು. ಹತ್ತಿರದ ಪೆಟ್ಟಿಗೆ ಮಲಗಿತ್ತು. ದೂರದ್ದು ಗುಂಡಿಗೆ ಬೇಗ ಸಿಕ್ಕಿರಲಿಲ್ಲ. ಮೂರು ಕರೆಗಳೂ ಒಟ್ಟಿಗೆ ನರ್ಸ್ ಫೋನಿಗೆ ಬರುವಷ್ಟರಲ್ಲಿ ಅಜ್ಜಿ ಬಿದ್ದ ಸದ್ದು ಕೇಳಿ ಆಕೆ ಓಡಿದ್ದಳು, ಫೋನ್ ನೋಡಿರಲಿಲ್ಲ.

ಪೆಟ್ಟಿಗೆಗಳನ್ನೆಲ್ಲ ಎಬ್ಬಿಸಿ, ಆ ದಾಖಲೆಯ ಕಾಗದ ಹಿಡಿದು ಮ್ಯಾನೇಜರ್ ಬಳಿ ಹೋದೆ. "ಸರಿಮಾಡಿದ್ದೀಯಲ್ಲ, ಅಷ್ಟು ಸಾಕು. ವಾರ್ಡಿನಲ್ಲಿ ಬಾಯಿ ಬಿಡಬೇಡ," ಎಂದು ತಮಿಳಿನಲ್ಲಿ ಹೇಳಿದರು. ಎರಡು ದಿನ ಬಾಯಿ ಬಿಡಲಿಲ್ಲ. ಆ ಎರಡು ದಿನವೂ ಅಜ್ಜಿ ಬಂದವರಿಗೆಲ್ಲ ಮೂರು ಬೆರಳು ತೋರಿಸುತ್ತಿದ್ದರು. ಬಂದವರು ತಲೆಯಾಡಿಸಿ ಹೋಗುತ್ತಿದ್ದರು.

ಮೂರನೆಯ ದಿನ ಹಾಸಿಗೆಯ ಬಳಿ ನಿಂತು ಎಲ್ಲ ಹೇಳಿದೆ.

ಅಜ್ಜಿ ಮಗಳ ಕಡೆ ತಿರುಗಿದರು. "ಕೇಳಿಸ್ಕೊಂಡೇನೇ? ನಾನು ಒತ್ತಿದ್ದೆ."

ಮಗಳು ನನ್ನನ್ನೇ ನೋಡಿದಳು. "ಅದ್ನ ಮಲಗಿಸಿದ್ದು ನೀವೇನಾ?"

"ನಾನೇ."

ಆಕೆ ಮತ್ತೆ ನನ್ನನ್ನು ಅಣ್ಣಾ ಎನ್ನಲಿಲ್ಲ. ಅಜ್ಜಿಯೂ ನನ್ನೊಡನೆ ಮಾತಾಡಲಿಲ್ಲ. ಆಪರೇಷನ್ ಆದ ಮೇಲೆ ಶ್ವಾಸಕೋಶಕ್ಕೆ ಸೋಂಕು ತಗುಲಿ ಮೂರನೆಯ ವಾರ ತೀರಿಕೊಂಡರು.

ದೂರು ಕೊಡಲು ಮಗಳು ಆ ದಾಖಲೆ ಕೇಳಿದಾಗ ಪ್ರತಿ ತೆಗೆದು ಸಹಿ ಹಾಕಿ ಕೊಟ್ಟೆ. ಕೇಸ್‌ಶೀಟಿನ ಆ ಸಾಲನ್ನು ತಿದ್ದಿದರು. ನನ್ನನ್ನು ಕೆಲಸದಿಂದ ತೆಗೆದರು.

ಈಗ ಓಮಲೂರಿನ ಒಂದು ಕಾಲೇಜಿನಲ್ಲಿದ್ದೇನೆ. ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ಆ ಮಗಳು ಕಂಡಳು. ಮಾತಾಡಿಸೋಣವೆಂದು ಎರಡು ಹೆಜ್ಜೆ ಇಟ್ಟೆ. ಅವಳು ಚೀಲ ಎತ್ತಿಕೊಂಡು ಇನ್ನೊಂದು ಬಸ್ಸಿನ ಮರೆಗೆ ಹೋಗಿ ನಿಂತಳು.