ಬೀಗ ಹಾಕಿದ ಮನೆಯಲ್ಲಿ ವಿಡಿಯೋ ನೋಡುವವರು

ನಿಂತಲ್ಲೇ ಟೈಪ್ ಮಾಡುತ್ತಿದ್ದೇನೆ ಗೆಳೆಯರೇ, ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಇವತ್ತು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಇಂಟರ್‌ನೆಟ್ ಕಂಪನಿಯವನ ಫೋನ್ ಬಂತು.

"ಮೇಡಂ, ನಿಮ್ಮ ಡೇಟಾ ಲಿಮಿಟ್ ಮುಗ್ದೋಗಿದೆ, ಇನ್ಮೇಲೆ ಎಕ್ಸ್‌ಟ್ರಾ ಚಾರ್ಜ್ ಬೀಳುತ್ತೆ. ದಿನಾ ಹಗಲೆಲ್ಲಾ ವಿಡಿಯೋ ಓಡುತ್ತೆ. ಈಗ್ಲೂ ಓಡ್ತಾನೇ ಇದೆ ಕಣ್ರೀ."

ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿರುವುದು ನಾನು, ಅತ್ತೆ ಇಬ್ಬರೇ. ಹಗಲು ಮನೆಗೆ ಬೀಗ. ಅತ್ತೆ ಮೊಮ್ಮಗುವನ್ನು ನೋಡಿಕೊಳ್ಳಲು ಬನ್ನಿಮಂಟಪದ ಮಗಳ ಮನೆಗೆ ಹೋದರೆ ಬರುವುದು ಸಂಜೆಗೇ.

ಆಟೋದಲ್ಲಿ ಓಡಿ ಬಂದೆ. ಬೀಗ ಹಾಕಿದಂತೆಯೇ ಇತ್ತು. ಒಳಗೆ ಗಂಡಸಿನ ದನಿ. ಸದ್ದಿಲ್ಲದೆ ಬೀಗ ತೆಗೆದೆ. ಅಂಗಳದ ಪೊರಕೆ ಹಿಡಿದು ದನಿಯ ಜಾಡಿನಲ್ಲಿ ಹೋದರೆ, ದೇವರಮನೆ. ಹೂವಿಟ್ಟ ಹಳೆಯ ಟ್ಯಾಬಿನಲ್ಲಿ ಯಾವುದೋ ಗರ್ಭಗುಡಿಯ ನೇರ ಪ್ರಸಾರ. ಅರ್ಚಕರು ಮಂತ್ರ ಹೇಳುತ್ತಿದ್ದರು.

ಅತ್ತೆಗೆ ಫೋನ್ ಮಾಡಿದೆ. "ಬೆಂಕಿ ಭಯ, ನಂದಾದೀಪ ಬೇಡ ಅಂದೋಳು ನೀನೇ ತಾನೆ? ಅದ್ಕೇ ಟ್ಯಾಬ್ ಇಟ್ಟೆ, ಅದ್ರಲ್ಲಿ ದೀಪ ಉರೀತಿದೆ ನೋಡು. ನಿನ್ನ ಕೈಯಾರೆ ಆರಿಸ್ಬುಟ್ಟೀಯ ಕಣಮ್ಮ, ಮನೆಗೆ ಒಳ್ಳೇದಲ್ಲ."

ಟ್ಯಾಬಿನ ಸ್ವಿಚ್ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ. ಅರ್ಧ ಗಂಟೆಯಿಂದ ಹೀಗೇ ನಿಂತಿದ್ದೇನೆ, ಡೇಟಾ ಓಡುತ್ತಲೇ ಇದೆ. ಕಳ್ಳನಾಗಿದ್ದರೆ ಪೊರಕೆಯಲ್ಲಿ ಓಡಿಸಬಹುದಿತ್ತು.