ಹೆಬ್ಬೆರಳಿನ ನೆರೆಯಲ್ಲೇ ತುಟಿ

ಮೊದಲು ಕೆಟ್ಟದ್ದು ಬಲಗೈ ಹೆಬ್ಬೆರಳು. ಪೈರು ಹಿಡಿದು ಕೆಸರಿಗೆ ಊರುವ ಹೊತ್ತಿನಲ್ಲಿ ಅದು ತನ್ನಷ್ಟಕ್ಕೆ ತಾನೇ ಮಿಡಿಯತೊಡಗಿತು. ನಿಲ್ಲು ಅಂದರೆ ನಿಲ್ಲಲಿಲ್ಲ. ನನ್ನ ಬೆರಳು ನನ್ನ ಮಾತು ಕೇಳದಿದ್ದದ್ದು ಅದೇ ಮೊದಲು. ಅದರ ಹಿಂದೆಯೇ ಬಾಯಿಯ ಬಲಮೂಲೆಯೂ ಎಳೆಯಿತು. ಆಮೇಲೆ ಎಲ್ಲ ಸರಿಹೋಯಿತು. ಬಿಸಿಲು ಅಂದುಕೊಂಡೆ.

ಗ್ರಹಚಾರ ನೋಡಿ, ಪಕ್ಕದಲ್ಲೇ ನಾಟಿ ಹಾಕುತ್ತಿದ್ದ ನನ್ನ ವಾರಗಿತ್ತಿ ನಿಂಗಕ್ಕ ಆಗಷ್ಟೇ ತನ್ನ ಹೊಸ ಅಳಿಯನನ್ನು ಹೊಗಳುತ್ತಿದ್ದಳು. ನನ್ನ ತುಟಿ ಸೊಟ್ಟಗಾದದ್ದನ್ನು ಕಂಡಳು.

"ಯಾಕಮ್ಮಿ, ನನ್ ಅಳಿಯನ್ನ ಅಣಕುಸ್ತೀಯಾ? ನಿನ್ ಮಗ್ಳಿಗೆ ಎಂತಾ ರಾಜನ್ನ ತತ್ತೀಯೋ ನಾನೂ ನೋಡ್ತೀನಿ!"

"ಇಲ್ಲ ಕಣಕ್ಕ, ತುಟಿ ತಾನೇ ಎಳೀತು."

"ತಾನೇ ಎಳೀತಂತೆ!"

ಸಾಲಿಗೆ ಸಾಲೇ ನಕ್ಕಿತು. ನಾಟಿ ಗದ್ದೆಯಲ್ಲಿ ಬಾಯಿ ಮುಚ್ಚಿಕೊಂಡಿರುವ ಹೆಂಗಸು ನಮ್ಮ ಪಾಂಡವಪುರದ ಕಡೆ ಇನ್ನೂ ಹುಟ್ಟಿಲ್ಲ. ಅದರಲ್ಲೂ ಅಣಕಿಸುವುದರಲ್ಲಿ ನಾನು ಹೆಸರುವಾಸಿ. ಯಾರು ನಂಬುತ್ತಾರೆ? ನಿಂಗಕ್ಕ ಮಾತು ಬಿಟ್ಟಳು.

ನಮ್ಮಲ್ಲಿ ನಾಟಿಗೆ ಮುಯ್ಯಾಳು. ಇವತ್ತು ನೀವು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ನಿಮ್ಮ ಗದ್ದೆಗೆ. ಆ ಮುಯ್ಯಿಯನ್ನು ಮೈ ಬಗ್ಗಿಸಿಯೇ ತೀರಿಸಬೇಕು. ಆ ಸಲ ನಮ್ಮ ಗದ್ದೆಯೇ ಮೊದಲು ಮುಗಿದಿತ್ತು, ಎಲ್ಲರ ಮುಯ್ಯಿಯೂ ನನ್ನ ಮೇಲಿತ್ತು. ಬೆರಳು ಮತ್ತೆ ಮಿಡಿದರೂ ಯಾರಿಗೂ ಹೇಳಲಿಲ್ಲ. ತಪ್ಪಿಸಿಕೊಳ್ಳಲು ನೆಪ ಹೂಡುತ್ತಾಳೆ ಅಂದುಬಿಟ್ಟರೆ?

ನಿಂಗಕ್ಕನ ಗದ್ದೆಯಲ್ಲೇ ಬಿದ್ದೆ.

ಮುಖ ಕೆಳಗಾಗಿ. ನೀರಿನಲ್ಲಿ.

ಮುಂದಿನದು ಅವರಿವರು ಹೇಳಿದ್ದು. ಮೊದಲು ಬೆರಳು, ಆಮೇಲೆ ಬಾಯಿ, ಆಮೇಲೆ ಇಡೀ ಮೈ ಅದುರಿತಂತೆ. ಇದೂ ನನ್ನ ಆಟ ಎಂದು ಕೆಲವರು ನಕ್ಕರಂತೆ. ಮಾತು ಬಿಟ್ಟಿದ್ದ ನಿಂಗಕ್ಕನೇ ಮೊದಲು ಓಡಿಬಂದು ನನ್ನನ್ನು ಎಳೆದು ಮಗ್ಗುಲಿಗೆ ಹೊರಳಿಸಿ, ಮೂಗಿನ ಕೆಸರನ್ನು ಸೆರಗಿನಲ್ಲಿ ಒರೆಸಿದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ಯಾರೋ ಬದದ ಹುಲ್ಲು ಕೊಯ್ಯುವ ಕುಡುಗೋಲನ್ನೇ ತಂದರಂತೆ.

"ಕೈ ಕುಯ್ಕಬುಡ್ತಾಳೆ, ಎಸೀರಿ ಅತ್ಲಾಗೆ!" ಎಂದು ಕಿರುಚಿದವಳೂ ಅವಳೇ.

ಮೈಸೂರಿನ ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ಇಇಜಿ ಎಂದು ತಲೆಗೆಲ್ಲ ವೈರು ಅಂಟಿಸಿ ಮಲಗಿಸಿದರು. ನನ್ನ ಯಜಮಾನರು ಬಾಗಿಲ ಹತ್ತಿರ ಟವೆಲ್ಲು ಹಿಂಡುತ್ತಾ ನಿಂತಿದ್ದರು. ನನ್ನ ಭಯ ಒಂದೇ. ಮತ್ತೆ ಗದ್ದೆಗೆ ಇಳಿಯುತ್ತೇನೋ, ಇಲ್ಲಾ ಒಂದು ಮೂಲೆಯಲ್ಲಿ ಕೂರಿಸಿ ಮನೆಯವರೆಲ್ಲ ಕಾಯುವ ಹೆಂಗಸಾಗುತ್ತೇನೋ? ಸಾವಿಗೂ ನಾನು ಅಷ್ಟು ಹೆದರಿರಲಿಲ್ಲ.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಗೆರೆಗಳನ್ನು ತೋರಿಸಿದರು. ಹೆಚ್ಚಿನವು ಅಡ್ಡಾದಿಡ್ಡಿ. ಒಂದು ಕಡೆ ಮಾತ್ರ ಚೂಪುಚೂಪಾಗಿ, ಒಂದೇ ಅಳತೆಯಲ್ಲಿ, ಒಂದರ ಹಿಂದೆ ಒಂದು.

"ಇಲ್ಲಿ ಚೆನ್ನಾಗದೆ ಅಲ್ವಾ ಮೇಡಂ? ಸಾಲು ಇಡಿದು ನೆಟ್ಟಂಗೆ."

"ಅದೇ ಕಣಮ್ಮ ಕಾಯಿಲೆ. ಆ ಅಡ್ಡಾದಿಡ್ಡಿ ಇದ್ಯಲ್ಲ, ಅದು ಆರೋಗ್ಯ."

 

ಮೆದುಳಿನಲ್ಲಿ ಹೆಬ್ಬೆರಳಿನ ಕೆಲಸ ನೋಡಿಕೊಳ್ಳುವ ನರಕೋಶಗಳ ನೆರೆಯಲ್ಲೇ ತುಟಿಯ ಕೋಶಗಳೂ ಇವೆಯಂತೆ. ನೆರೆಹೊರೆಯ ಕೋಶಗಳು ಹೊಂದಿಕೊಂಡು ದುಡಿಯಬೇಕು. ಒಂದು ಎದ್ದಾಗ ಇನ್ನೊಂದು ತಗ್ಗಬೇಕು, ಮತ್ತೊಂದು ಸಾಕು ಎಂದು ತಡೆಯಬೇಕು. ಆಗಲೇ ಬೆರಳು ಪೈರು ಹಿಡಿಯುವುದು, ಬಾಯಿ ಮಾತಾಡುವುದು. ನನ್ನ ಮೆದುಳಿನಲ್ಲಿ ಒಂದು ಸಣ್ಣ ಗಂಟಿತ್ತು. ಅದರ ಸುತ್ತಲಿನ ಕೋಶಗಳು ತಡೆಯುವವರಿಲ್ಲದೆ ಎಲ್ಲವೂ ಒಟ್ಟಿಗೆ ಎದ್ದು ಒಟ್ಟಿಗೆ ಕೂಗುತ್ತಿದ್ದವು. ಆ ಕೂಗು ಪಕ್ಕದ ಮನೆಗೆ, ಅಲ್ಲಿಂದ ಊರಿಗೆಲ್ಲ ಹಬ್ಬಿದಾಗಲೇ ನಾನು ಬಿದ್ದದ್ದು.

ಬಸ್ಸಿನಲ್ಲಿ ಬರುವಾಗ ಇದನ್ನೇ ಯೋಚಿಸಿದೆ. ನಾಟಿಯಲ್ಲಿ ಒಬ್ಬಳು ಊರುತ್ತಿರುತ್ತಾಳೆ, ಒಬ್ಬಳು ಪೈರಿನ ಕಟ್ಟು ಬಿಚ್ಚುತ್ತಿರುತ್ತಾಳೆ, ಒಬ್ಬಳು ಸೊಂಟ ಹಿಡಿದು ನಿಂತರೆ ಪಕ್ಕದವಳು ಅವಳ ಪಾಲಿನದನ್ನೂ ಹಾಕಿಬಿಡುತ್ತಾಳೆ. ದೂರದಿಂದ ನೋಡಿದರೆ ಅಡ್ಡಾದಿಡ್ಡಿಯೇ. ಎಲ್ಲರೂ ಒಂದೇ ಸಲ ಬಗ್ಗಿ ಒಂದೇ ಸಲ ಎದ್ದರೆ ಗದ್ದೆ ನಾಟಿಯಾದ ಹಾಗೇ!

ಗಂಟು ಕರಗಬಹುದು, ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ನೀರಿಗಿಳಿಯುವ ಹಾಗಿಲ್ಲ, ಬೆಂಕಿ ಮುಂದೆ ಒಬ್ಬಳೇ ಕೂರುವ ಹಾಗಿಲ್ಲ. ಎಲ್ಲಿಯವರೆಗೆ ಎಂದು ಕೇಳಿದ್ದಕ್ಕೆ, ಮತ್ತೆ ಬರದೇ ಇರಲಿ, ನೋಡೋಣ ಅಂದಿದ್ದರು.

ಊರಿಗೆ ಬಂದ ದಿನ ನಿಂಗಕ್ಕ ಬಂದು ಹೊಸಲಿನಲ್ಲಿ ಕೂತಳು.

"ನಿನ್ ಮುಯ್ಯೆಲ್ಲ ನಾನೇ ತೀರ್ಸ್‌ಬುಟ್ಟೆ ಕಣಮ್ಮಿ. ನಂದೊಂದೇ ಉಳ್ದಿರಾದು. ಅದ ಮಾತ್ರ ನೀನೇ ತೀರುಸ್ಬೇಕು. ಯಾವತ್ತಾದ್ರೂ ಸರಿ."

ಆಸ್ಪತ್ರೆಯಲ್ಲಿ ಅಳದವಳು ಆಗ ಅತ್ತೆ.

ಈ ಬೇಸಿಗೆ ನಾಟಿಗೆ ನಾನು ಬದದ ಮೇಲೆ ಕೂತು ಪೈರಿನ ಕಟ್ಟು ಕೊಡುತ್ತಿದ್ದೆ. ಅಲ್ಲಿಯವರೆಗೆ ಫಿಟ್ಸ್ ಮತ್ತೆ ಬಂದಿರಲಿಲ್ಲ. ಬೆರಳು ಹೇಳಿದ ಮಾತು ಕೇಳುತ್ತಿತ್ತು. ಆದರೂ ಆಗಾಗ ಅದನ್ನೇ ನೋಡಿಕೊಳ್ಳುವ ಚಾಳಿ ಹೋಗಿಲ್ಲ. ನಿಂಗಕ್ಕ ಎಂದಿನಂತೆ ಅಳಿಯನ ಪುರಾಣ ಬಿಚ್ಚಿದಳು. ನನಗೆ ತಡೆಯಲಾಗಲಿಲ್ಲ. ತುಟಿ ಸೊಟ್ಟ ಮಾಡಿದೆ.

ಇಡೀ ಸಾಲು ಒಟ್ಟಿಗೆ ನಿಂತುಹೋಯಿತು.

ನಿಂಗಕ್ಕ ಕೈಯಲ್ಲಿದ್ದ ಪೈರು ಬಿಟ್ಟು ಕೆಸರಿನಲ್ಲಿ ಓಡಿಬಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಯ್ಯೋ, ಈ ಸಲ ದಿಟವಾಗ್ಲೂ ಅಣಕ್ಸಿದ್ದು ಕಣಕ್ಕ!"

ಅವಳು ಉಸಿರು ಬಿಟ್ಟು, ಕೆಸರುಗೈಯಲ್ಲೇ ನನ್ನ ಬೆನ್ನಿಗೊಂದು ಗುದ್ದಿ, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳು.

"ಅಣಕ್ಸು ಕಣಮ್ಮಿ, ಎಷ್ಟಾರ ಅಣಕ್ಸು," ಅಂದಳು. "ನನ್ ಮುಯ್ಯಿ ಮಾತ್ರ ಮರೀಬ್ಯಾಡ."